ಟೊಮೆಟೊ ಜಜ್ಜದೆ ಎತ್ತುವ ರೋಬೊ ಬೆರಳು

100 ಗ್ರಾಂ ತೂಗುವ ಒಂದು ಹಣ್ಣು ಟೊಮೆಟೊ ಇದೆ. ಅದನ್ನು ಎರಡು ಬೆರಳಲ್ಲಿ ಹಿಡಿದು ಎತ್ತಲು ಎಷ್ಟು ಬಲ ಬೇಕು? ಲೆಕ್ಕ ಸುಲಭ. ಟೊಮೆಟೊದ ಭಾರ ಸುಮಾರು 1 ನ್ಯೂಟನ್. ಅದು ಜಾರಿ ಬೀಳದಂತೆ ತಡೆಯುವುದು ಬೆರಳು ಮತ್ತು ಸಿಪ್ಪೆಯ ನಡುವಿನ ಘರ್ಷಣೆ. ಘರ್ಷಣೆಯ ಗುಣಾಂಕ, ಅಂದರೆ ಒತ್ತಿದ ಬಲದ ಎಷ್ಟು ಪಾಲು ಜಾರುವುದನ್ನು ತಡೆಯುತ್ತದೆ ಅನ್ನುವ ಸಂಖ್ಯೆ, 0.5 ಅಂತ ಇಟ್ಟುಕೊಳ್ಳೋಣ. ಆಗ ಎರಡೂ ಕಡೆಯಿಂದ ತಲಾ 1 ನ್ಯೂಟನ್ ಒತ್ತಿದರೆ ಸಾಕು. 100 ಗ್ರಾಂ ತೂಕದ ಬಟ್ಟನ್ನು ಮೇಲಿಟ್ಟಷ್ಟು ಒತ್ತು, ಅಷ್ಟೇ.

ಆದರೆ ಇದು ನಿಧಾನವಾಗಿ ಎತ್ತಿದಾಗಿನ ಲೆಕ್ಕ. ಕಾರ್ಖಾನೆಯಲ್ಲಿ ಹಾಗೆ ಎತ್ತಿದರೆ ಕೆಲಸ ಸಾಗುವುದಿಲ್ಲ. ಸೆಕೆಂಡಿಗೊಂದು ಹಣ್ಣು ಎತ್ತಿಡುವ ರೋಬೊ ಕೈ ಮೇಲಕ್ಕೆ ಚಿಮ್ಮುತ್ತದೆ. ಆ ಚಿಮ್ಮುವಿಕೆಯ ಜೋರು ಗುರುತ್ವದ ಎರಡು ಪಟ್ಟು ಇದ್ದರೆ, ಆ ಕ್ಷಣಕ್ಕೆ ಟೊಮೆಟೊ ಮೂರು ಪಟ್ಟು ಭಾರವಾಗುತ್ತದೆ. ಈಗ ಪ್ರತಿ ಬೆರಳೂ 3 ನ್ಯೂಟನ್ ಒತ್ತಬೇಕು. ಹಣ್ಣು ಆಗ ತಾನೇ ತೊಳೆದು ಬಂದಿದ್ದರೆ ಜಾರಿಕೆ ಜಾಸ್ತಿ. ಗುಣಾಂಕ 0.2ಕ್ಕೆ ಇಳಿದರೆ ಪ್ರತಿ ಬೆರಳು 7.5 ನ್ಯೂಟನ್ ಒತ್ತಬೇಕಾಗುತ್ತದೆ.

ಅಷ್ಟು ಬಲ ಹಾಕಿದರೂ ಟೊಮೆಟೊಗೆ ತೊಂದರೆ ಇಲ್ಲ, ಆ ಬಲ ಅಗಲವಾಗಿ ಹರಡಿಕೊಂಡರೆ. ತೊಂದರೆ ಇರುವುದೇ ಅಲ್ಲಿ. ಟೊಮೆಟೊ ದುಂಡಗಿದೆ, ಸ್ಟೀಲ್ ಬೆರಳು ಚಪ್ಪಟೆಯಾಗಿದೆ. ಎರಡೂ ತಾಗುವ ಜಾಗ ಹತ್ತು ಚದರ ಮಿಲಿಮೀಟರ್ ಅಂತಿಟ್ಟುಕೊಳ್ಳಿ. 3 ನ್ಯೂಟನ್ ಬಲವೆಲ್ಲ ಆ ಚುಕ್ಕೆಯ ಮೇಲೆ ಬಿದ್ದರೆ, ಅಲ್ಲಿನ ಒತ್ತಡ 300 ಕಿಲೋಪ್ಯಾಸ್ಕಲ್. ನಮ್ಮ ಸುತ್ತಲಿನ ಗಾಳಿಯ ಒತ್ತಡದ ಮೂರು ಪಟ್ಟು! ಅದೇ ಬೆರಳು ಮೆತ್ತಗಿದ್ದು, ಹಣ್ಣಿನ ಮೈಗೆ ಹೊಂದಿಕೊಂಡು 300 ಚದರ ಮಿಲಿಮೀಟರ್ ಜಾಗದಲ್ಲಿ ತಾಗಿದರೆ? ಒತ್ತಡ 10 ಕಿಲೋಪ್ಯಾಸ್ಕಲ್‌ಗೆ ಇಳಿಯುತ್ತದೆ. ಬಲ ಅಷ್ಟೇ ಇದ್ದರೂ ಪೆಟ್ಟು ಮೂವತ್ತರಲ್ಲಿ ಒಂದು ಭಾಗ.

ಮೆತ್ತನೆಯ ವಸ್ತುಗಳಿಂದ ರೋಬೊ ಮಾಡುವ ಸಾಫ್ಟ್ ರೋಬೊಟಿಕ್ಸ್ ಎನ್ನುವ ಕ್ಷೇತ್ರ ಆಹಾರದ ಕಾರ್ಖಾನೆಗಳಿಗೆ ಬಂದದ್ದು ಈ ಒಂದು ಭಾಗಾಕಾರದಿಂದ.

ಪೆಟ್ಟು ಬಿದ್ದ ಹಣ್ಣಿನ ಒಳಗೆ

ಹಣ್ಣು ತರಕಾರಿಯ ವಿಷಯದಲ್ಲಿ ಒಂದು ಕಷ್ಟ ಇದೆ. ಪೆಟ್ಟು ಬಿದ್ದದ್ದು ಆಗಲೇ ಕಾಣಿಸುವುದಿಲ್ಲ. ಸೇಬಿನ ಮೇಲೆ ಗಟ್ಟಿಯಾಗಿ ಒತ್ತಿ ನೋಡಿ. ಮೇಲಿನ ಸಿಪ್ಪೆ ಸರಿಯಾಗಿಯೇ ಇರುತ್ತದೆ. ಕೆಳಗಿನ ಜೀವಕೋಶಗಳ ಗೋಡೆ ಮಾತ್ರ ಒಡೆದಿರುತ್ತದೆ. ಕೋಶದೊಳಗೆ ಬೇರೆ ಬೇರೆ ಕೋಣೆಗಳಲ್ಲಿ ಇರಬೇಕಾದ ಫೀನಾಲ್‌ಗಳು ಮತ್ತು ಒಂದು ಕಿಣ್ವ, ಅಂದರೆ ಪಾಲಿಫೀನಾಲ್ ಆಕ್ಸಿಡೇಸ್, ಆಗ ಒಂದಾಗುತ್ತವೆ. ಅದಕ್ಕೆ ಆಮ್ಲಜನಕ ಸೇರಿದರೆ ಕಂದು ಬಣ್ಣ ಹುಟ್ಟುತ್ತದೆ. ಹೆಚ್ಚಿದ ಬದನೆಕಾಯಿ ಕಪ್ಪಾಗುವುದೂ ಇದೇ ಕಾರಣಕ್ಕೆ. ಅದಕ್ಕೇ ನಾವು ಅದನ್ನು ನೀರಿಗೆ ಹಾಕಿಡುವುದು.

ಈ ಬಣ್ಣ ಬರಲು ಹೊತ್ತು ಬೇಕು. ಹಣ್ಣು ಪ್ಯಾಕ್ ಆಗಿ, ಲಾರಿ ಹತ್ತಿ, ಅಂಗಡಿಗೆ ಬಂದ ಮೇಲೆ ಕಲೆ ಏಳುತ್ತದೆ. ಒಡೆದ ಜಾಗದಿಂದ ಬೂಷ್ಟು ಒಳಗೆ ಇಳಿಯುವುದೂ ಸುಲಭ. ಪೆಟ್ಟು ತಿಂದ ಹಣ್ಣು ಎಥಿಲೀನ್ ಅನಿಲವನ್ನೂ ಜಾಸ್ತಿ ಬಿಡುತ್ತದೆ. ಅದರಿಂದ ಪಕ್ಕದ ಹಣ್ಣುಗಳೂ ಬೇಗ ಮಾಗುತ್ತವೆ. ಹೀಗೆ ರೋಬೊ ಮಾಡಿದ ತಪ್ಪು ಮೂರು ದಿನ ಬಿಟ್ಟು, ನೂರಾರು ಕಿಲೋಮೀಟರ್ ಆಚೆ, ಇನ್ನೊಬ್ಬರ ಅಂಗಡಿಯಲ್ಲಿ ಕಾಣಿಸುತ್ತದೆ. ಕಾರ್ಖಾನೆಯವರಿಗೆ ತಿದ್ದಿಕೊಳ್ಳಲು ಅವಕಾಶವೇ ಸಿಗುವುದಿಲ್ಲ. ಕಾರಿನ ಬಾಗಿಲು ಬೆಸೆಯುವಾಗ ಈ ಗೋಳಿಲ್ಲ. ಬೆಸುಗೆ ತಪ್ಪಿದರೆ ಅಲ್ಲೇ ಗೊತ್ತಾಗುತ್ತದೆ.

ಮತ್ತೊಂದು ಕಷ್ಟ, ಯಾವ ಎರಡು ಹಣ್ಣೂ ಒಂದೇ ತರ ಇರುವುದಿಲ್ಲ. ಬೋಲ್ಟು, ಬೇರಿಂಗು, ಫೋನಿನ ಭಾಗ ಎಲ್ಲಕ್ಕೂ ನಿಖರವಾದ ಅಳತೆ ಇದೆ. ಒಂದೇ ಗಿಡದ ಎರಡು ಟೊಮೆಟೊಗಳ ಅಗಲ, ಗಟ್ಟಿತನ, ಆಕಾರ ಬೇರೆ. ಗಟ್ಟಿ ಬೆರಳಿನ ರೋಬೊಗೆ "60 ಮಿಲಿಮೀಟರ್‌ಗೆ ಮುಚ್ಚು" ಅಂತ ಹೇಳಿಟ್ಟರೆ, 55ರ ಹಣ್ಣು ಬೀಳುತ್ತದೆ, 65ರ ಹಣ್ಣು ಜಜ್ಜಿಹೋಗುತ್ತದೆ.

ನಮ್ಮ ಕೈ ಇದನ್ನು ಯೋಚನೆ ಇಲ್ಲದೆ ಮಾಡುತ್ತದೆ. ಸ್ವೀಡನ್ನಿನ ಉಮಿಯೋ ವಿಶ್ವವಿದ್ಯಾಲಯದ ರೋಲಂಡ್ ಯೊಹಾನ್ಸನ್ ಮತ್ತು ಜತೆಗಾರರು 1980ರ ದಶಕದಲ್ಲಿ ಇದನ್ನು ಚೆನ್ನಾಗಿ ಅಳೆದು ತೋರಿಸಿದರು. ವಸ್ತು ಜಾರದಿರಲು ಎಷ್ಟು ಬೇಕೋ ಅದಕ್ಕಿಂತ ಸ್ವಲ್ಪವೇ ಹೆಚ್ಚು ಬಲ ಹಾಕಿ ನಾವು ಹಿಡಿಯುತ್ತೇವೆ. ವಸ್ತು ಚೂರು ಜಾರಿದರೂ, ಸೆಕೆಂಡಿನ ಹತ್ತನೇ ಒಂದು ಭಾಗ ಕಳೆಯುವ ಮೊದಲೇ ಹಿಡಿತ ಬಿಗಿಯಾಗುತ್ತದೆ. ಚರ್ಮದಲ್ಲಿರುವ ಸಾವಿರಾರು ನರತುದಿಗಳು ಈ ಕೆಲಸಕ್ಕಿವೆ.

ರೋಬೊಗೂ ಇದನ್ನೇ ಕೊಡಬಹುದು ಅಲ್ವಾ? ಬೆರಳ ತುದಿಗೆ ಸೆನ್ಸರ್ ಹಚ್ಚಿ, ಜಾರಿಕೆ ಅಳೆದು, ಬಲ ಲೆಕ್ಕ ಹಾಕಿ ಮೋಟರ್‌ಗೆ ಹೇಳಿ ಕಳಿಸಬಹುದು. ದಶಕಗಳಿಂದ ಆ ದಾರಿಯಲ್ಲೂ ಸಂಶೋಧನೆ ನಡೆದಿದೆ. ಆದರೆ ಅದು ದುಬಾರಿ. ನೀರು, ಎಣ್ಣೆ, ಹಣ್ಣಿನ ರಸದ ನಡುವೆ ಸೂಕ್ಷ್ಮ ಸೆನ್ಸರ್‌ಗಳು ಬಾಳುವುದು ಕಷ್ಟ. ಸಾಫ್ಟ್ ರೋಬೊಟಿಕ್ಸ್ ಇನ್ನೊಂದು ದಾರಿ ಹಿಡಿಯಿತು. ಲೆಕ್ಕವನ್ನು ಕಂಪ್ಯೂಟರ್ ಮಾಡುವುದು ಬೇಡ, ಬೆರಳಿನ ವಸ್ತುವೇ ಮಾಡಲಿ. ಹಣ್ಣು ದೊಡ್ಡದಿದ್ದರೆ ಬೆರಳು ಬೇಗ ತಾಗಿ ಅಲ್ಲೇ ನಿಲ್ಲುತ್ತದೆ, ಚಿಕ್ಕದಿದ್ದರೆ ಇನ್ನಷ್ಟು ಬಾಗುತ್ತದೆ. ಅಳತೆ ಗೊತ್ತಿರಬೇಕಾದ ಅಗತ್ಯವೇ ಇಲ್ಲ. ನನಗೆ ಈ ಇಡೀ ಕ್ಷೇತ್ರದಲ್ಲಿ ತುಂಬಾ ಇಷ್ಟವಾಗುವ ವಿಚಾರ ಇದು. ರಬ್ಬರಿನ ಗುಣವನ್ನು ಸರಿಯಾಗಿ ಬಳಸಿಕೊಂಡರೆ ಸಾವಿರ ಸಾಲಿನ ಪ್ರೋಗ್ರಾಂ ಬರೆಯುವುದು ತಪ್ಪುತ್ತದೆ.

ಗಾಳಿ ತುಂಬಿದರೆ ಬಾಗುವ ಬೆರಳು

ಗಾಳಿಯಿಂದ ಚಲನೆ ಪಡೆಯುವುದು ಹಳೆಯ ಯೋಚನೆ. ಅಮೆರಿಕದ ಭೌತವಿಜ್ಞಾನಿ ಜೋಸೆಫ್ ಮೆಕ್‌ಕಿಬೆನ್ 1950ರ ದಶಕದಲ್ಲಿ ಗಾಳಿ ತುಂಬಿದರೆ ಗಿಡ್ಡವಾಗುವ ಕೃತಕ ಸ್ನಾಯು ಮಾಡಿದರು. ಪೋಲಿಯೊದಿಂದ ಸ್ವಾಧೀನ ಕಳೆದುಕೊಂಡಿದ್ದ ಮಗಳ ಕೈಗಾಗಿ ಮಾಡಿದ್ದು ಅದು. 1978ರಲ್ಲಿ ಜಪಾನಿನ ಶಿಗೆಯೊ ಹಿರೋಸೆ, ಯಾವ ಆಕಾರದ ವಸ್ತುವಿಗೂ ಸಮನಾಗಿ ಒತ್ತಿಕೊಳ್ಳುವ, ಕೊಂಡಿ ಮತ್ತು ರಾಟೆಗಳಿಂದಾದ ಗ್ರಿಪ್ಪರ್, ಅಂದರೆ ರೋಬೊದ ಹಿಡಿಯುವ ಕೈ, ತೋರಿಸಿದರು. ಆಮೇಲೆ ತೋಶಿಬಾದಲ್ಲಿದ್ದ ಕೊಯಿಚಿ ಸುಜುಮೊರಿ, ಮೂರು ಗಾಳಿ ಕೋಣೆಗಳಿರುವ ರಬ್ಬರ್ ಬೆರಳುಗಳನ್ನು ಮಾಡಿದರು.

ಆದರೆ ಇವತ್ತು ಆಹಾರ ಕಾರ್ಖಾನೆಗಳಲ್ಲಿ ಕಾಣುವ ಬೆರಳಿನ ನೇರ ಮೂಲ ಹಾರ್ವರ್ಡ್ ವಿಶ್ವವಿದ್ಯಾಲಯದ ಜಾರ್ಜ್ ವೈಟ್‌ಸೈಡ್ಸ್ ಅವರ ಪ್ರಯೋಗಾಲಯ. ವೈಟ್‌ಸೈಡ್ಸ್ ರಸಾಯನಶಾಸ್ತ್ರಜ್ಞ, ಮೆಕ್ಯಾನಿಕಲ್ ಎಂಜಿನಿಯರ್ ಅಲ್ಲ. ಇದು ಮುಖ್ಯ. ಎಂಜಿನಿಯರ್ ಆಗಿದ್ದರೆ ಬಹುಶಃ ಗೇರು, ಮೋಟರು, ಕೀಲುಗಳಿಂದ ಶುರು ಮಾಡುತ್ತಿದ್ದರು. ಇವರ ತಂಡ ಶುರು ಮಾಡಿದ್ದು ಅಚ್ಚಿಗೆ ಸುರಿಯುವ ಸಿಲಿಕೋನ್ ರಬ್ಬರ್‌ನಿಂದ. 2011ರಲ್ಲಿ ಅವರು ನಕ್ಷತ್ರಮೀನಿನಂತೆ ಕಾಣುವ ಒಂದು ಗ್ರಿಪ್ಪರ್ ತೋರಿಸಿದರು. ಅದು ಹಸಿ ಮೊಟ್ಟೆಯನ್ನು ಒಡೆಯದೆ ಎತ್ತಿತು. ಮಂಪರು ಬರಿಸಿದ ಇಲಿಯನ್ನೂ ನೋವಾಗದಂತೆ ಹಿಡಿಯಿತು. ಅದೇ ವರ್ಷ ನಾಲ್ಕು ಕಾಲಿನ ಒಂದು ಮೆತ್ತನೆಯ ರೋಬೊವನ್ನು ಎರಡು ಸೆಂಟಿಮೀಟರ್ ಎತ್ತರದ ಸಂದಿಯಲ್ಲಿ ತೆವಳಿಸಿದರು.

ಒಳಗಿನ ತತ್ವವನ್ನು ಮನೆಯಲ್ಲೇ ನೋಡಬಹುದು. ಉದ್ದನೆಯ ಬಲೂನು ತೆಗೆದುಕೊಳ್ಳಿ. ಅದರ ಒಂದು ಬದಿಗೆ ಉದ್ದಕ್ಕೂ ಸೆಲ್ಲೋಟೇಪ್ ಅಂಟಿಸಿ. ಈಗ ಊದಿ. ಟೇಪ್ ಇಲ್ಲದ ಬದಿ ಹಿಗ್ಗುತ್ತದೆ, ಟೇಪ್ ಇರುವ ಬದಿಗೆ ಹಿಗ್ಗಲು ಆಗುವುದಿಲ್ಲ. ಹಾಗಾಗಿ ಬಲೂನು ಟೇಪಿನ ಕಡೆಗೆ ಬಾಗುತ್ತದೆ. ರೋಬೊ ಬೆರಳೂ ಇಷ್ಟೇ. ಸಿಲಿಕೋನ್‌ನಲ್ಲಿ ಸಾಲಾಗಿ ಚಿಕ್ಕ ಚಿಕ್ಕ ಗಾಳಿ ಕೋಣೆಗಳು, ಎಲ್ಲವನ್ನೂ ಜೋಡಿಸುವ ಒಂದು ಸಣ್ಣ ದಾರಿ. ವಸ್ತುವನ್ನು ತಾಗುವ ಬದಿಯಲ್ಲಿ ಹಿಗ್ಗದ ಒಂದು ಪದರ, ಅದು ಕಾಗದವೋ ಬಟ್ಟೆಯೋ ದಪ್ಪ ರಬ್ಬರೋ ಇರಬಹುದು. ಕಂಪ್ರೆಸರ್‌ನಿಂದ ಗಾಳಿ ಬಿಟ್ಟರೆ ಬೆರಳು ಒಳಕ್ಕೆ ಸುರುಳಿಯಾಗುತ್ತದೆ. ಗಾಳಿ ತೆಗೆದರೆ ನೆಟ್ಟಗಾಗುತ್ತದೆ. ಗಾಳಿಯನ್ನು ಇನ್ನೂ ಎಳೆದುಕೊಂಡರೆ ಹಿಂದಕ್ಕೂ ಬಾಗುತ್ತದೆ. ಅಂದರೆ ಹಣ್ಣಿನ ಮೇಲೆ ಇಳಿಯುವಾಗ ಬೆರಳುಗಳು ಅಗಲವಾಗಿ ತೆರೆದುಕೊಳ್ಳಬಹುದು.

ಬಾಗುವ ಬೆರಳಿಗೆ ಇನ್ನೊಂದು ಅನುಕೂಲ ಇದೆ. ಅದು ಪಕ್ಕದಿಂದ ಹಿಂಡುವುದರ ಜತೆಗೆ ಹಣ್ಣಿನ ಕೆಳಗೂ ಸುತ್ತಿಕೊಳ್ಳುತ್ತದೆ. ಆಗ ಭಾರದ ಒಂದು ಪಾಲನ್ನು ಬೆರಳಿನ ತುದಿಯೇ ಕೆಳಗಿನಿಂದ ಹೊರುತ್ತದೆ. ಘರ್ಷಣೆಯ ಮೇಲೆ ಪೂರ್ತಿ ನಂಬಿಕೆ ಇಡಬೇಕಾಗಿಲ್ಲ. ಒದ್ದೆ ಹಣ್ಣಿಗೆ ಹೇಳಿದ 7.5 ನ್ಯೂಟನ್ ಲೆಕ್ಕ ಇಲ್ಲಿ ಬಹಳ ಸಡಿಲವಾಗುತ್ತದೆ.

ಮೊದಲ ಬೆರಳುಗಳು ನಿಧಾನ. ಕೋಣೆಗಳು ಬಲೂನಿನಂತೆ ಊದಿಕೊಂಡ ಮೇಲೆ ಬಾಗುತ್ತಿದ್ದವು. ಜಾಸ್ತಿ ಊದಿದಷ್ಟೂ ರಬ್ಬರ್ ಬೇಗ ಬಳಲುತ್ತದೆ. 2014ರಲ್ಲಿ ಅದೇ ತಂಡ ಕೋಣೆಗಳ ನಡುವೆ ಸಣ್ಣ ಸಂದು ಬಿಟ್ಟ ಹೊಸ ವಿನ್ಯಾಸ ಪ್ರಕಟಿಸಿತು. ಈಗ ಪ್ರತಿ ಕೋಣೆ ಸ್ವಲ್ಪ ಉಬ್ಬಿ ಪಕ್ಕದ ಕೋಣೆಯನ್ನು ತಳ್ಳಿದರೆ ಸಾಕು, ಬೆರಳು ಬಾಗುತ್ತದೆ. ಹಳೆಯದಕ್ಕೆ ಹೋಲಿಸಿದರೆ ಕೋಣೆಗಳ ಗಾತ್ರ ಹತ್ತನೇ ಒಂದು ಭಾಗದಷ್ಟು ಮಾತ್ರ ಬದಲಾಗುತ್ತದೆ. ನೆಟ್ಟಗಿದ್ದ ಬೆರಳು ಹೆಚ್ಚುಕಡಿಮೆ ವೃತ್ತಾಕಾರಕ್ಕೆ ಬರಲು 50 ಮಿಲಿಸೆಕೆಂಡ್ ಸಾಕಾಯಿತು. ಹತ್ತು ಲಕ್ಷ ಸಲ ಬಾಗಿಸಿದ ಮೇಲೂ ಅದು ಸರಿಯಾಗಿ ಕೆಲಸ ಮಾಡಿತು.

ಹತ್ತು ಲಕ್ಷ ಅಂದರೆ ದೊಡ್ಡ ಸಂಖ್ಯೆ ಅನಿಸುತ್ತದೆ. ಕಾರ್ಖಾನೆಯ ಕಣ್ಣಲ್ಲಿ ನೋಡಿ. ನಿಮಿಷಕ್ಕೆ 60 ಸಲ, ದಿನಕ್ಕೆ ಎರಡು ಪಾಳಿ, ಒಟ್ಟು 16 ಗಂಟೆ. ದಿನಕ್ಕೆ 57,600 ಸಲ. ಹತ್ತು ಲಕ್ಷ ಮುಗಿಯಲು ಹದಿನೆಂಟು ದಿನವೂ ಬೇಡ! ಹಾಗಾಗಿ ಮೆತ್ತನೆಯ ಬೆರಳನ್ನು ಯಂತ್ರದ ಶಾಶ್ವತ ಭಾಗ ಅಂತ ನೋಡುವಂತಿಲ್ಲ. ಅದು ಕೈಗವಸಿನ ತರ ಸವೆದು ಬದಲಾಗುವ ವಸ್ತು. ಕಂಪನಿಗಳೂ ಅದನ್ನು ಹಾಗೇ ಮಾರುತ್ತವೆ. ಬೆರಳನ್ನು ಬೇಗ ಕಳಚಿ ಬೇರೆ ಹಾಕುವಂತೆ ವಿನ್ಯಾಸ ಮಾಡಿರುತ್ತಾರೆ. ಈ ತಂತ್ರಜ್ಞಾನದ ಬಗ್ಗೆ ಓದುವಾಗ ಮೊಟ್ಟೆ ಎತ್ತುವ ವಿಡಿಯೋ ಎಲ್ಲ ಕಡೆ ಸಿಗುತ್ತದೆ. ಬೆರಳು ಬದಲಿಸುವ ಖರ್ಚಿನ ಮಾತು ಮಾತ್ರ ಕಡಿಮೆ ಕೇಳಿಸುತ್ತದೆ. ನನ್ನ ಪ್ರಕಾರ ಎರಡನೆಯದೇ ಹೆಚ್ಚು ಮುಖ್ಯ.

ಕಾಫಿಪುಡಿ, ಮೀನಿನ ರೆಕ್ಕೆ, ನಿರ್ವಾತ

ಗಾಳಿ ಬೆರಳೊಂದೇ ದಾರಿ ಅಲ್ಲ. 2010ರಲ್ಲಿ ಕಾರ್ನೆಲ್, ಶಿಕಾಗೊ ವಿಶ್ವವಿದ್ಯಾಲಯಗಳು ಮತ್ತು ಐರೋಬೊಟ್ ಕಂಪನಿಯ ಸಂಶೋಧಕರು ಬೆರಳೇ ಇಲ್ಲದ ಒಂದು ಗ್ರಿಪ್ಪರ್ ಮಾಡಿದರು. ತೆಳು ರಬ್ಬರ್ ಚೀಲದೊಳಗೆ ಕಾಫಿಪುಡಿ, ಅಷ್ಟೇ. ಚೀಲವನ್ನು ವಸ್ತುವಿನ ಮೇಲೆ ಮೆಲ್ಲಗೆ ಒತ್ತಿದರೆ ಪುಡಿ ಸರಿದು ಆ ಆಕಾರಕ್ಕೆ ಬರುತ್ತದೆ. ಆಮೇಲೆ ಒಳಗಿನ ಗಾಳಿ ಎಳೆದರೆ ಪುಡಿಯ ಕಣಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಚೀಲ ಕಲ್ಲಿನಂತಾಗುತ್ತದೆ. ವ್ಯಾಕ್ಯೂಮ್ ಪ್ಯಾಕ್ ಕಾಫಿಪುಡಿ ಇಟ್ಟಿಗೆಯಷ್ಟು ಗಟ್ಟಿ ಇರುತ್ತದೆ, ಕತ್ತರಿಸಿದ ಕೂಡಲೇ ಸಡಿಲವಾಗುತ್ತದೆ ಅಲ್ವಾ, ಅದೇ ಸಂಗತಿ. ಚೀಲದ ಗಾತ್ರ ಶೇಕಡಾ ಅರ್ಧಕ್ಕಿಂತ ಕಡಿಮೆ ಕುಗ್ಗಿದರೂ ಹಿಡಿತ ಸಿಗುತ್ತದೆ ಅಂತ ಅವರು ತೋರಿಸಿದರು.

ನೋಡಲು ಬಹಳ ಚೆಂದದ ಉಪಾಯ. ಆದರೆ ಮೆತ್ತನೆಯ ಆಹಾರಕ್ಕೆ ಅಷ್ಟು ಒಗ್ಗುವುದಿಲ್ಲ. ಹಿಡಿಯುವ ಮೊದಲು ಮೇಲಿನಿಂದ ಒತ್ತಲೇಬೇಕು. ಕೇಕಿನ ತುಂಡಿನ ಮೇಲೆ, ಮಾಗಿದ ಅಂಜೂರದ ಮೇಲೆ ಹಾಗೆ ಒತ್ತಲಾಗುವುದಿಲ್ಲ. ಚೀಲ ಹರಿದರೆ ಒಳಗಿನ ಪುಡಿಯೆಲ್ಲ ಆಹಾರಕ್ಕೆ ಬೀಳುತ್ತದೆ.

ಮೂರನೆಯ ದಾರಿ ಮೀನಿನಿಂದ ಬಂದದ್ದು. ಜರ್ಮನಿಯ ಲೈಫ್ ಕ್ನೀಸೆ 1990ರ ದಶಕದಲ್ಲಿ ಮೀನಿನ ರೆಕ್ಕೆಯ ಒಂದು ಗುಣ ಗಮನಿಸಿದರು. ರೆಕ್ಕೆಯನ್ನು ಬೆರಳಿನಿಂದ ತಳ್ಳಿದರೆ ಅದು ಆಚೆಗೆ ಹೋಗುವುದಿಲ್ಲ, ತಳ್ಳಿದ ಬೆರಳಿನ ಕಡೆಗೇ ಬಾಗಿ ಬರುತ್ತದೆ. ಎರಡು ಉದ್ದ ಪಟ್ಟಿಗಳನ್ನು ತುದಿಯಲ್ಲಿ ಸೇರಿಸಿ, ನಡುವೆ ಏಣಿಯ ಮೆಟ್ಟಿಲಂತೆ ಅಡ್ಡಪಟ್ಟಿ ಹಾಕಿದರೆ ಅದೇ ಗುಣ ಬರುತ್ತದೆ. ಜರ್ಮನಿಯ ಫೆಸ್ಟೊ ಕಂಪನಿ ಈ ತತ್ವದ ಬೆರಳುಗಳನ್ನು ಮಾರುತ್ತದೆ. ಇದರ ಒಳಗೆ ಗಾಳಿ ತುಂಬುವ ಕೆಲಸವೇ ಇಲ್ಲ. ಬುಡದಲ್ಲಿ ಮಾಮೂಲಿ ಗ್ರಿಪ್ಪರ್ ಇದ್ದರೆ ಸಾಕು, ಬೆರಳು ತಾನಾಗಿ ಹಣ್ಣನ್ನು ತಬ್ಬಿಕೊಳ್ಳುತ್ತದೆ. ಅಡ್ಡಪಟ್ಟಿಗಳ ಸಂದಿಯಲ್ಲಿ ಕೊಳೆ ಕೂತರೆ ತೊಳೆಯುವುದು ಮಾತ್ರ ತಲೆನೋವು.

ಇನ್ನು ಹೀರುವ ಕಪ್. ಇದು ಎಲ್ಲಕ್ಕಿಂತ ಹಳೆಯದು, ಇವತ್ತಿಗೂ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು. ಮೊಟ್ಟೆಗೆ ಹೇಳಿ ಮಾಡಿಸಿದ್ದು. ಮೇಲ್ಮೈ ನುಣುಪು, ಗಟ್ಟಿ. ರಬ್ಬರ್ ಕಪ್ಪುಗಳ ಸಾಲಿನಿಂದ 30 ಮೊಟ್ಟೆಯ ಇಡೀ ಟ್ರೇಯನ್ನು ಒಂದೇ ಸಲಕ್ಕೆ ಎತ್ತುತ್ತಾರೆ. ಬನ್ನಿಗೆ ಅದೇ ಕಪ್ಪು ಇಟ್ಟರೆ ಗಾಳಿ ಅದರ ರಂಧ್ರಗಳಿಂದ ಸೋರುತ್ತದೆ. ಸಕ್ಕರೆಪುಡಿ ಹಚ್ಚಿದ ಸಿಹಿತಿಂಡಿಗೆ ಇಟ್ಟರೆ ಪುಡಿಯನ್ನೆಲ್ಲ ಹೀರಿ ಕೊಳವೆ ಕಟ್ಟಿಕೊಳ್ಳುತ್ತದೆ. ಹೆಚ್ಚಿದ ಸೌತೆಕಾಯಿಯ ಬಿಲ್ಲೆಗೆ ಬೇರೆಯದೇ ಉಪಾಯ ಇದೆ. ಬಿಲ್ಲೆಯ ಮೇಲೆ ಗಾಳಿಯನ್ನು ಎಲ್ಲ ದಿಕ್ಕಿಗೂ ಜೋರಾಗಿ ಊದಿದರೆ, ವೇಗದ ಗಾಳಿಯ ಜಾಗದಲ್ಲಿ ಒತ್ತಡ ಕಡಿಮೆಯಾಗಿ ಬಿಲ್ಲೆ ಮೇಲಕ್ಕೇಳುತ್ತದೆ. ಬರ್ನೌಲಿ ಗ್ರಿಪ್ಪರ್ ಅನ್ನುತ್ತಾರೆ. ಮೇಲಿನ ನೀರೂ ಜತೆಗೇ ಹಾರಿಹೋಗುತ್ತದೆ.

ಸ್ಟ್ರಾಬೆರಿ ಕೀಳುವ ಕೆಲವು ರೋಬೊಗಳು ಇನ್ನೂ ಜಾಣತನ ಮಾಡಿವೆ. ಅವು ಹಣ್ಣನ್ನು ಮುಟ್ಟುವುದೇ ಇಲ್ಲ. ತೊಟ್ಟು ಹಿಡಿದು ಕತ್ತರಿಸುತ್ತವೆ. ಮೆತ್ತನೆಯ ಬೆರಳು ಎಷ್ಟೇ ಒಳ್ಳೆಯದಿದ್ದರೂ, ಮುಟ್ಟದೇ ಇರುವುದು ಅದಕ್ಕಿಂತ ಒಳ್ಳೆಯದು.

ತೊಳೆಯುವುದು, ಓಡುವುದು

ಪ್ರಯೋಗಾಲಯದಿಂದ ಕಾರ್ಖಾನೆಗೆ ಬಂದ ಮೇಲೆ ಹಿಡಿತದ ಪ್ರಶ್ನೆ ಹಿಂದೆ ಸರಿದು ತೊಳೆಯುವ ಪ್ರಶ್ನೆ ಮುಂದೆ ಬರುತ್ತದೆ. ಕೋಳಿಮಾಂಸ, ಮೀನು, ಚೀಸ್ ಮುಟ್ಟಿದ ಪ್ರತಿಯೊಂದು ಭಾಗವನ್ನೂ ಪಾಳಿ ಮುಗಿದ ಮೇಲೆ ಬಿಸಿನೀರು, ನೊರೆ, ರಾಸಾಯನಿಕ ಹಾಕಿ ತೊಳೆಯಬೇಕು. ಯಂತ್ರಗಳಿಗೆ ಐಪಿ69ಕೆ ಎಂಬ ಒಂದು ದರ್ಜೆ ಇದೆ. ಸುಮಾರು 80 ಡಿಗ್ರಿ ಬಿಸಿನೀರನ್ನು 80ರಿಂದ 100 ಬಾರ್ ಒತ್ತಡದಲ್ಲಿ ಹತ್ತಿರದಿಂದ ಚಿಮ್ಮಿಸಿದರೂ ಒಳಗೆ ನೀರು ಹೋಗಬಾರದು. ಸಿಲಿಕೋನ್ ಇಲ್ಲಿ ಗೆದ್ದಿತು. ಅದು ಬಿಸಿ ತಡೆಯುತ್ತದೆ, ಫ್ರೀಜರ್ ಚಳಿಯನ್ನೂ ತಡೆಯುತ್ತದೆ, ವಾಸನೆ ಬಿಡುವುದಿಲ್ಲ. ಆಹಾರ ಮುಟ್ಟುವ ವಸ್ತುಗಳಿಗೆ ಅಮೆರಿಕದ ಎಫ್‌ಡಿಎ ಹಾಕಿದ ನಿಯಮಕ್ಕೂ, ಯುರೋಪಿನ 1935/2004 ನಿಯಮಕ್ಕೂ ಹೊಂದುವ ದರ್ಜೆಗಳು ಸಿಗುತ್ತವೆ.

ಈ ಬೆರಳುಗಳಲ್ಲಿ ಎಷ್ಟೋ ನೀಲಿ ಬಣ್ಣದವು. ಅಂದಕ್ಕಲ್ಲ. ನೀಲಿ ಬಣ್ಣದ ಆಹಾರ ಬಹಳ ಕಡಿಮೆ. ಬೆರಳಿನ ತುಂಡೊಂದು ಕಿತ್ತು ಚಿಕನ್ ರಾಶಿಗೆ ಬಿದ್ದರೆ ಕಣ್ಣಿಗೆ ಬೇಗ ಬೀಳಲಿ ಅಂತ. ಕೆಲವರು ಸಿಲಿಕೋನ್‌ನಲ್ಲಿ ಲೋಹದ ಪುಡಿ ಬೆರೆಸುತ್ತಾರೆ. ಕಣ್ಣು ತಪ್ಪಿಸಿಕೊಂಡ ತುಂಡು ಮೆಟಲ್ ಡಿಟೆಕ್ಟರ್‌ಗೆ ಸಿಗುತ್ತದೆ.

ಗಾಳಿಯ ಬಗ್ಗೆಯೂ ಯೋಚಿಸಬೇಕು. ಕಂಪ್ರೆಸರ್ ಗಾಳಿಯಲ್ಲಿ ಎಣ್ಣೆಯ ಹನಿ, ತೇವ ಇರುತ್ತದೆ. ಬೆರಳು ತೂತಾದರೆ ಅದು ನೇರ ಆಹಾರದ ಮೇಲೆ ಚಿಮ್ಮುತ್ತದೆ. ಅದಕ್ಕೆ ಒಳ್ಳೆಯ ಫಿಲ್ಟರ್ ಬೇಕು. ಸ್ವೀಡನ್ನಿನ ಪಿಯಾಬ್ ಕಂಪನಿ ಗಾಳಿ ಊದುವ ಬದಲು ಹೀರಿದಾಗ ಮುಚ್ಚಿಕೊಳ್ಳುವ ಗ್ರಿಪ್ಪರ್ ಮಾಡಿದೆ. ಡೆನ್ಮಾರ್ಕಿನ ಆನ್‌ರೋಬೊಟ್ ಕಂಪನಿಯ ಸಿಲಿಕೋನ್ ಗ್ರಿಪ್ಪರ್‌ಗೆ ಹೊರಗಿನ ಗಾಳಿಯೇ ಬೇಡ, ವಿದ್ಯುತ್ ಸಾಕು. ಕಂಪ್ರೆಸರ್ ಇಲ್ಲದ ಸಣ್ಣ ಘಟಕಗಳಿಗೆ ಇದು ಅನುಕೂಲ.

ವೇಗದ ಮಾತಿಗೆ ಬಂದರೆ, ಆಹಾರ ಪ್ಯಾಕಿಂಗ್‌ನಲ್ಲಿ ಹೆಚ್ಚು ಕಾಣುವುದು ಡೆಲ್ಟಾ ರೋಬೊ. ಮೇಲೆ ತೂಗುಬಿಟ್ಟ ಜೇಡದಂತೆ ಕಾಣುವ ಮೂರು ಕೈಗಳ ಯಂತ್ರ. ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ರೇಮಂಡ್ ಕ್ಲಾವೆಲ್ 1980ರ ದಶಕದಲ್ಲಿ ಇದನ್ನು ಕಂಡುಹಿಡಿದರು. ಅದರ ಹಿಂದಿದ್ದದ್ದೂ ಚಾಕೊಲೇಟ್‌ಗಳನ್ನು ಬೇಗ ಬೇಗ ಡಬ್ಬಿಗೆ ಜೋಡಿಸುವ ಅಗತ್ಯವೇ. ಇದು ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಎತ್ತಿಡಬಲ್ಲದು. ಆದರೆ ಇಷ್ಟು ವೇಗಕ್ಕೆ ಮೆತ್ತನೆಯ ಬೆರಳು ಓಲಾಡುತ್ತದೆ. ಕೈ ನಿಂತರೂ ಹಣ್ಣು ತೂಗುತ್ತಿರುತ್ತದೆ, ಇಟ್ಟ ಜಾಗ ತಪ್ಪುತ್ತದೆ. ಗಟ್ಟಿ ಮಾಡಿದರೆ ಹಣ್ಣಿಗೆ ಪೆಟ್ಟು, ಮೆತ್ತಗೆ ಮಾಡಿದರೆ ಗುರಿ ತಪ್ಪುತ್ತದೆ. ಪ್ರತಿ ತಿನಿಸಿಗೂ ನಡುವಿನ ಬಿಂದುವನ್ನು ಪ್ರಯೋಗ ಮಾಡಿಯೇ ಹುಡುಕಬೇಕು.

ಕೈಗಿಂತ ಕಣ್ಣು ಕಷ್ಟ

ವಿಂಗಡಣೆ ಅಂದರೆ ಬರೀ ಎತ್ತುವುದಲ್ಲ. ಯಾವುದನ್ನು ಎತ್ತಬೇಕು, ಯಾವ ಡಬ್ಬಿಗೆ ಹಾಕಬೇಕು ಅಂತ ತೀರ್ಮಾನಿಸಬೇಕು. ಬೆಲ್ಟಿನ ಮೇಲೆ ಬಿಡಿಬಿಡಿಯಾಗಿ ಸಾಗುವ ಹಣ್ಣಾದರೆ ಕ್ಯಾಮೆರಾಗೆ ಸುಲಭ. ಬಣ್ಣ, ಗಾತ್ರ, ಕಲೆ ನೋಡುತ್ತದೆ. ಕಣ್ಣಿಗೆ ಕಾಣದ ಅವಕೆಂಪು ಬೆಳಕು ಬಳಸಿದರೆ ಹಣ್ಣನ್ನು ಕತ್ತರಿಸದೆ ಸಿಹಿ ಎಷ್ಟಿದೆ ಅಂತಲೂ ಅಂದಾಜು ಮಾಡಬಹುದು. ನೀರು, ಸಕ್ಕರೆ ಆ ಬೆಳಕನ್ನು ಬೇರೆ ಬೇರೆ ರೀತಿ ಹೀರುತ್ತವೆ.

ರಾಶಿಯಾಗಿ ಬಿದ್ದ ಕೋಳಿಮಾಂಸದ ತುಂಡುಗಳಲ್ಲಿ ಒಂದನ್ನು ಆರಿಸುವುದು ಬೇರೆಯೇ ಮಟ್ಟದ ಕಷ್ಟ. ಎಲ್ಲವೂ ಒಂದೇ ಬಣ್ಣ, ಒದ್ದೆ, ಹೊಳಪು. ಒಂದು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಅಂತ ಕಾಣುವುದಿಲ್ಲ. ಇಲ್ಲಿ ಮೆತ್ತನೆಯ ಬೆರಳು ಕಣ್ಣಿನ ಭಾರವನ್ನು ಸ್ವಲ್ಪ ಇಳಿಸುತ್ತದೆ. ಕ್ಯಾಮೆರಾ ಐದು ಮಿಲಿಮೀಟರ್ ತಪ್ಪಿ ಹೇಳಿದರೂ ಬೆರಳು ಹೊಂದಿಕೊಂಡು ಎತ್ತುತ್ತದೆ. ಆದರೂ ಯಾವ ತುಂಡು ಅಂತ ಹೇಳಲು ಕಣ್ಣು ಬೇಕೇ ಬೇಕು.

ಇದಕ್ಕೆ ಒಂದು ಕಂಪನಿಯ ಕತೆಯೇ ಸಾಕ್ಷಿ. ವೈಟ್‌ಸೈಡ್ಸ್ ಪ್ರಯೋಗಾಲಯದ ಕೆಲಸದಿಂದ 2013ರಲ್ಲಿ ಮ್ಯಾಸಚುಸೆಟ್ಸ್‌ನಲ್ಲಿ ಸಾಫ್ಟ್ ರೋಬೊಟಿಕ್ಸ್ ಎಂಬ ಹೆಸರಿನದೇ ಕಂಪನಿ ಹುಟ್ಟಿತು. ಎಂಗ್ರಿಪ್ ಎಂಬ ಅವರ ಬೆರಳುಗಳು ಬೇಕರಿ, ಮಾಂಸ, ತರಕಾರಿ ಪ್ಯಾಕಿಂಗ್‌ಗೆ ಹೋದವು. ಕೋಳಿಮಾಂಸದ ದೈತ್ಯ ಕಂಪನಿ ಟೈಸನ್‌ನ ಹೂಡಿಕೆ ಸಂಸ್ಥೆಯೂ ಹಣ ಹಾಕಿತು. 2024ರಲ್ಲಿ ಕಂಪನಿ ತನ್ನ ಗ್ರಿಪ್ಪರ್ ವ್ಯವಹಾರವನ್ನು ಜರ್ಮನಿಯ ಶ್ಮಾಲ್ಜ್ ಸಮೂಹಕ್ಕೆ ಮಾರಿತು. ಉಳಿದ ಭಾಗ ಆಕ್ಸಿಪಿಟಲ್ ಎಐ ಅಂತ ಹೆಸರು ಬದಲಿಸಿ, ಕ್ಯಾಮೆರಾ ಮತ್ತು ತಪಾಸಣೆಯ ಕೆಲಸಕ್ಕೆ ಇಳಿಯಿತು. ಬೆರಳಿನಿಂದ ಹೆಸರು ಮಾಡಿದವರು ಬೆರಳು ಮಾರಿ ಕಣ್ಣು ಇಟ್ಟುಕೊಂಡರು. ಬೆರಳು ಕೆಟ್ಟದ್ದು ಅಂತ ಇದರ ಅರ್ಥ ಅಲ್ಲ. ನಿರ್ವಾತ ಕಪ್ಪುಗಳನ್ನು ಮಾಡುವ ಶ್ಮಾಲ್ಜ್‌ಗೆ ಅದು ತಮ್ಮ ಸಾಮಾನಿನ ಪಟ್ಟಿಗೆ ಸೇರುವ ಒಂದು ಒಳ್ಳೆಯ ಬಿಡಿಭಾಗ. ಬೆರಳು ಈಗ ಹೊಸ ಆವಿಷ್ಕಾರ ಅಲ್ಲ, ಪಟ್ಟಿ ನೋಡಿ ತರಿಸುವ ಸಾಮಾನು ಅಂತ ನಾನು ಓದಿಕೊಳ್ಳುತ್ತೇನೆ.

ಹೊಲದಲ್ಲಿ, ಹಸಿರುಮನೆಯಲ್ಲಿ ಹಣ್ಣು ಕೀಳುವ ರೋಬೊಗಳ ಹಾದಿ ಇನ್ನೂ ಏರುಪೇರಿನದು. ಟೊಮೆಟೊ ಕೀಳುವ ರೋಬೊ ಮಾಡುತ್ತಿದ್ದ ರೂಟ್ ಎಐ ಕಂಪನಿಯನ್ನು 2021ರಲ್ಲಿ ಕೆಂಟಕಿಯ ಆ್ಯಪ್‌ಹಾರ್ವೆಸ್ಟ್ ಸುಮಾರು 6 ಕೋಟಿ ಡಾಲರ್‌ಗೆ ಕೊಂಡಿತು. 2023ರಲ್ಲಿ ಆ್ಯಪ್‌ಹಾರ್ವೆಸ್ಟ್ ದಿವಾಳಿಯಾಯಿತು.

ನಮ್ಮ ಕಡೆ ಎಲ್ಲಿ ಹೊಂದುತ್ತದೆ

ಟೊಮೆಟೊ ಅಂದ ಮೇಲೆ ಕೋಲಾರ ನೆನಪಾಗದೆ ಇರುತ್ತದೆಯೇ? ಕೋಲಾರದ ಎಪಿಎಂಸಿ ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. 15 ಕಿಲೋ ಬಾಕ್ಸುಗಳಲ್ಲಿ ಹಣ್ಣು ಬರುತ್ತದೆ, ಕೈಯಲ್ಲೇ ಆರಿಸಿ, ಗಾತ್ರ ನೋಡಿ, ಲಾರಿಗೆ ಹೋಗುತ್ತದೆ. ಅಲ್ಲಿಗೆ ಇಂಥ ರೋಬೊ ಬರಬೇಕು ಅಂತ ನನಗೆ ಅನಿಸುವುದಿಲ್ಲ. ಒಂದೊಂದೇ ಹಣ್ಣು ಎತ್ತುವ ಯಂತ್ರಕ್ಕೆ ಆ ರಾಶಿಯ ಪ್ರಮಾಣ ಹಿಡಿಸುವುದಿಲ್ಲ. 15 ಕಿಲೋ ಬಾಕ್ಸಿನಲ್ಲಿ 100 ಗ್ರಾಂ ಹಣ್ಣು 150 ಇರುತ್ತವೆ. ಸೆಕೆಂಡಿಗೊಂದರಂತೆ ಎತ್ತಿದರೂ ಒಂದು ಬಾಕ್ಸಿಗೆ ಎರಡೂವರೆ ನಿಮಿಷ. ನುರಿತ ಕೈಗಳು ಅದಕ್ಕಿಂತ ಬೇಗ ಮುಗಿಸುತ್ತವೆ. ಬಾಕ್ಸಿಗೆ ಎರಡು ಸಾವಿರ ದಾಟಿದ 2023ರಂಥ ವರ್ಷವೂ ಉಂಟು, ರೈತರು ರಸ್ತೆಗೆ ಸುರಿದು ಹೋಗುವ ಬೆಲೆಯೂ ಉಂಟು. ಅಂಥ ಏರಿಳಿತದ ಮೇಲೆ ದುಬಾರಿ ಯಂತ್ರದ ಸಾಲ ಕಟ್ಟಲು ಆಗುವುದಿಲ್ಲ.

ವಿಂಗಡಣೆಗೆ ಎತ್ತಲೇಬೇಕು ಅಂತಲೂ ಇಲ್ಲ. ನಮ್ಮ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ, ಮಂಗಳೂರು ಕಡೆಯ ಗೋಡಂಬಿ ಕಾರ್ಖಾನೆಗಳಲ್ಲಿ ಕಲರ್ ಸಾರ್ಟರ್ ಯಂತ್ರಗಳು ಕೆಲಸ ಮಾಡುತ್ತಿವೆ. ಬೀಜ ಬೀಳುವಾಗ ಕ್ಯಾಮೆರಾ ನೋಡುತ್ತದೆ. ಬಣ್ಣ ಕೆಟ್ಟದ್ದಿದ್ದರೆ ಒಂದು ಪುಟ್ಟ ಗಾಳಿಯೂದು ಅದನ್ನು ಪಕ್ಕಕ್ಕೆ ಹಾರಿಸುತ್ತದೆ. ಬೀಳಿಸಿದರೂ ಏನೂ ಆಗದ ವಸ್ತುವಿಗೆ ಬೆರಳು ಯಾಕೆ ಬೇಕು?

ಮೆತ್ತನೆಯ ಬೆರಳಿಗೆ ಅರ್ಥ ಬರುವುದು ಬಿಡಿಯ ಬೆಲೆ ಹೆಚ್ಚಿರುವ ಕಡೆ, ಕೈ ಮುಟ್ಟದಿರುವುದೇ ಮುಖ್ಯವಾದ ಕಡೆ, ಅಥವಾ ಮನುಷ್ಯರು ಕೆಲಸ ಮಾಡಲು ಹಿಂಸೆಯಾಗುವ ಕಡೆ. ರಫ್ತಿಗೆ ಹೋಗುವ ಮಾವಿನಹಣ್ಣು ಡಬ್ಬಿಗೆ ಜೋಡಿಸುವುದು, ಪೇಡ ಮತ್ತು ಕೇಕ್ ಪ್ಯಾಕ್ ಮಾಡುವುದು, ಕೋಲ್ಡ್ ಸ್ಟೋರೇಜಿನಲ್ಲಿ ಮೀನು, ಮಾಂಸ ಆರಿಸುವುದು. ಕೊನೆಯದರ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ನಾಲ್ಕು ಡಿಗ್ರಿ ಚಳಿಯಲ್ಲಿ ಎಂಟು ಗಂಟೆ ನಿಂತು ಒದ್ದೆ ಮಾಂಸ ಎತ್ತಿಡುವ ಕೆಲಸದಿಂದ ಮನುಷ್ಯರ ಬೆರಳು, ಮಣಿಕಟ್ಟು ಹಾಳಾಗುತ್ತದೆ. ಅಲ್ಲಿ ರಬ್ಬರ್ ಬೆರಳು ಸವೆಯಲಿ. ಆದರೆ ಆ ಜಾಗದಲ್ಲಿದ್ದವರಿಗೆ ಅದೇ ಘಟಕದಲ್ಲಿ ಬೇರೆ ಕೆಲಸ ಕೊಡುವ ಹೊಣೆ ಯಂತ್ರ ತಂದವರದ್ದೇ.

ನಿಮ್ಮ ಘಟಕಕ್ಕೆ ಯಾರಾದರೂ ಇಂಥ ಗ್ರಿಪ್ಪರ್ ಮಾರಲು ಬಂದರೆ, ಒಂದು ಬೆರಳು ಎಷ್ಟು ಸಲ ಎತ್ತಿದ ಮೇಲೆ ಬದಲಿಸಬೇಕು ಅಂತ ಮೊದಲು ಕೇಳಿ. ಆಮೇಲೆ ಬೆರಳಿನ ಬೆಲೆ, ಅದು ಬರಲು ಹಿಡಿಯುವ ದಿನ, ನಿಮ್ಮ ಹುಡುಗರೇ ಅದನ್ನು ಬದಲಿಸಬಹುದೇ ಅನ್ನುವುದು. ತೊಳೆಯುವಾಗ ಕಳಚಬೇಕೋ ಬೇಡವೋ ಅಂತಲೂ ಕೇಳಿ. ಡೆಮೊಗೆ ಅವರು ತಂದ ಚೆಂದದ ಹಣ್ಣು ಬೇಡ ಅನ್ನಿ. ಆ ದಿನ ಬಂದ ಮಾಲಿನಲ್ಲಿ ದೊಡ್ಡದು ಚಿಕ್ಕದು ಬೆರೆತಿರುವ, ಒದ್ದೆಯಾದ, ಕೆಲವು ಮಾಗಿ ಮೆತ್ತಗಾದ ಒಂದು ಕ್ರೇಟ್ ಕೊಡಿ. ಎತ್ತಿಟ್ಟ ಹಣ್ಣನ್ನು ಮೂರು ದಿನ ಹಾಗೇ ಇಟ್ಟು, ಆಮೇಲೆ ಕತ್ತರಿಸಿ ನೋಡಿ.